ಹಲಗೆಯಡಿಯ ಪೆಟ್ರೋಲ್ ವಾಸನೆ

ಜನವಾಡ ದಾಟಿ ಕಾರು ಔರಾದಿನ ರಸ್ತೆಯಲ್ಲಿ ವೇಗ ಹಿಡಿಯುತ್ತಿದ್ದಂತೆ ಪಕ್ಕದಲ್ಲಿದ್ದ ಸಹೋದ್ಯೋಗಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು.

“ಅಕ್ಕಾ, ನಾ ಗಾಡ್ಯಾಗ ಕುಂತೀನೋ ಪೆಟ್ರೋಲ್ ಪಂಪಿನ್ಯಾಗ ಕುಂತೀನೋ ತಿಳೀವಲ್ದರಿ.”

ನಾನು ನಕ್ಕೆ. ಹಿಂದಿನ ಸಂಜೆ ಬೀದರಿನಲ್ಲಿ ಟ್ಯಾಂಕು ತುಂಬಿಸಿದ್ದೆ. ಪಂಪಿನವನು ಕಂಠದವರೆಗೆ ತುಂಬಿ ಮುಚ್ಚಳದ ಸುತ್ತ ಚೆಲ್ಲಿರಬೇಕು, ಬಿಸಿಲಿಗೆ ಆರಿಹೋಗುತ್ತದೆ ಎಂದುಕೊಂಡೆ. ರಸ್ತೆಯ ಎರಡೂ ಕಡೆ ತೊಗರಿ ಇನ್ನೂ ಹಸಿರಾಗಿತ್ತು, ಸೋಯಾ ಕಟಾವು ಮುಗಿಯುತ್ತಾ ಬಂದಿತ್ತು. ಆ ವಾಸನೆ ತೊಗರಿ ಒಣಗಿ ರಾಶಿಯಾಗುವವರೆಗೂ ನನ್ನ ಜೊತೆ ಪ್ರಯಾಣ ಮಾಡುತ್ತದೆಂದು ಆಗ ಗೊತ್ತಿರಲಿಲ್ಲ.

ನನ್ನ ಮನೆ ಬೀದರಿನಲ್ಲಿ. ಔರಾದಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸಾರ್ವಜನಿಕ ಆಡಳಿತ ಕಲಿಸುತ್ತೇನೆ. ಹುಟ್ಟಿನಿಂದಲೇ ಕಾಲುಗಳಲ್ಲಿ ಬಲವಿಲ್ಲದ ನನಗೆ ಬಸ್ಸಿನ ಮೆಟ್ಟಿಲು ಹತ್ತಲಾಗದು. ಆದ್ದರಿಂದಲೇ ಈ ಕಾರು. ಉದಗೀರ ರಸ್ತೆಯಲ್ಲಿ ವೆಲ್ಡಿಂಗ್ ಶೆಡ್ಡು ಇಟ್ಟುಕೊಂಡಿರುವ ಉಸ್ತಾದರೊಬ್ಬರು ಕ್ಲಚ್ ಇಲ್ಲದ ಈ ಸಣ್ಣ ಗಾಡಿಯನ್ನು ನನ್ನ ದೇಹಕ್ಕೆ ಹೊಂದಿಸಿಕೊಟ್ಟಿದ್ದರು. ಬ್ರೇಕು ಮತ್ತು ಆಕ್ಸಿಲರೇಟರಿನ ಪೆಡಲುಗಳಿಂದ ಸಲಾಕೆಗಳು ಹೊರಟು ಸ್ಟೀರಿಂಗಿನ ಕೆಳಗಿನ ಒಂದು ಹಿಡಿಕೆಯಲ್ಲಿ ಕೂಡುತ್ತವೆ. ಮುಂದಕ್ಕೆ ಒತ್ತಿದರೆ ಬ್ರೇಕು, ನನ್ನತ್ತ ಎಳೆದರೆ ವೇಗ. ಹಿಂದಿನ ಸೀಟಿನ ಅರ್ಧವನ್ನು ತೆಗೆದು ಅಲ್ಲಿ ಪ್ಲೈವುಡ್ ಹಲಗೆ ಕೂರಿಸಿ, ಮೇಲೆ ಚಾಪೆ ಹೊದಿಸಿ, ಒಂದು ಚಿಲಕ ಇಟ್ಟಿದ್ದರು. ಮಡಚಿದ ಗಾಲಿಕುರ್ಚಿ ಆ ಹಲಗೆಯ ಮೇಲೆ ನಿಲ್ಲುತ್ತದೆ. ಸಾರಿಗೆ ಕಚೇರಿಯ ಒಪ್ಪಿಗೆಯೂ ಇದಕ್ಕೆ ಸಿಕ್ಕಿತ್ತು.

ಕುರ್ಚಿ ನನ್ನ ಬೆನ್ನ ಹಿಂದಿರುತ್ತದೆ, ಅದನ್ನು ಇಳಿಸಿ ನನ್ನ ಬಾಗಿಲಿಗೆ ತರಲು ಇನ್ನೊಬ್ಬರು ಬೇಕು. ಮನೆಯಲ್ಲಿ ಅಣ್ಣ, ಕಾಲೇಜಿನಲ್ಲಿ ಜವಾನರು, ದಾರಿಯಲ್ಲಿ ಜನವಾಡದಿಂದ ಹತ್ತುವ ಈ ಸಹೋದ್ಯೋಗಿ. ಅವಳಿಲ್ಲದ ದಿನ ಕಾರಿಗೆ ದಾರಿಯಲ್ಲಿ ಬೆಂಕಿ ಹತ್ತಿದರೆ ನಾನು ಇಳಿಯಲಾರೆ. ಈ ಒಂದು ಸಂಗತಿಯನ್ನು ಮುಂದೆ ನಾನು ಮೂರು ಕಡೆ ಮೂವರಿಗೆ ವಿವರಿಸಬೇಕಾಯಿತು. ಮೂವರೂ ತಲೆಯಾಡಿಸಿದರು.

ಆರುತ್ತದೆಂದುಕೊಂಡ ವಾಸನೆ ವಾರ ಕಳೆದರೂ ಆರಲಿಲ್ಲ. ಕಾರನ್ನು ಬೀದರಿನ ದೊಡ್ಡ ಸರ್ವಿಸ್ ಕೇಂದ್ರಕ್ಕೆ ಒಯ್ದೆ. ಕಾಯುವ ಕೋಣೆಗೆ ಎರಡು ಮೆಟ್ಟಿಲಿದ್ದುದರಿಂದ ನನ್ನನ್ನು ಹೊರಗೆ, ರಸ್ತೆಗೆ ಮುಖ ಮಾಡಿ ಕೂರಿಸಿದರು. ಗುಲಾಬಿ ಅಂಗಿಯ ಸಲಹೆಗಾರನೊಬ್ಬ ಬಂದು ಹಿಡಿಕೆಯನ್ನೂ ಸಲಾಕೆಗಳನ್ನೂ ನೋಡಿದ.

“ಮೇಡಂ, ಗಾಡಿ ಮಾಡಿಫೈ ಆಗ್ಯದರಿ. ಇದಕ್ಕ ಕಂಪನಿ ಜವಾಬ್ದಾರಿ ತಗೊಳ್ಳಂಗಿಲ್ಲ.”

“ವಾಸನೆ ಎಲ್ಲಿಂದ ಬರುತ್ತದೆ ಎಂದು ನೋಡದೆಯೇ ಜವಾಬ್ದಾರಿ ಇಲ್ಲವೆಂದು ಹೇಗೆ ಹೇಳುತ್ತೀರಿ?”

“ನೋಡ್ತೇವ್ರಿ, ನೋಡ್ತೇವ್ರಿ. ಮೊದ್ಲೇ ಹೇಳಿ ಇಡ್ತೇವಿ, ಅಷ್ಟ.”

ಮಧ್ಯಾಹ್ನದ ಹೊತ್ತಿಗೆ ಕಾರು ತೊಳೆದು ಹೊಳೆಯುತ್ತಾ ಹೊರಬಂತು. ಟ್ಯಾಂಕಿನ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿಯನ್ನು ಬದಲಿಸಿದ್ದರು, ಎಂಜಿನ್ನಿಗೆ ಗಾಳಿ ಹೋಗುವ ದಾರಿಯನ್ನು ಬಿಚ್ಚಿ ಸ್ವಚ್ಛ ಮಾಡಿದ್ದರು. ನಾನು ನೇರವಾಗಿ ಕೇಳಿದೆ: ಟ್ಯಾಂಕಿಗಾಗಲಿ, ಅದರ ಪೈಪಿಗಾಗಲಿ, ಪಂಪಿಗಾಗಲಿ ಯಾರಾದರೂ ಕೈ ಹಚ್ಚಿದ್ದಾರೆಯೇ? ಇಲ್ಲ ಎಂದ. ಕನ್ನಡಿಗೆ ಮಲ್ಲಿಗೆ ಪರಿಮಳದ ಸಣ್ಣ ಸೀಸೆಯೊಂದನ್ನು ಉಡುಗೊರೆಯಾಗಿ ತೂಗುಹಾಕಿದ್ದರು.

ಮರುದಿನ ಸಹೋದ್ಯೋಗಿ ಬಾಗಿಲು ಹಾಕುತ್ತಲೇ ಹೇಳಿದಳು, “ಈಗ ಪಂಪಿಗಿ ಮಲ್ಲಿಗಿ ಮಾಲಿ ಹಾಕ್ಯಾರ ನೋಡ್ರಿ.”

ವಾಸನೆ ಮೊದಲಿಗಿಂತ ಹೆಚ್ಚಾಗಿತ್ತು. ಈ ಮಾತನ್ನು ಅವಳು ಹೇಳಿದ್ದರಿಂದ ನಂಬಿದೆ, ಏಕೆಂದರೆ ನನ್ನ ಮೂಗು ಅಷ್ಟರಲ್ಲಿ ಸೋತಿತ್ತು. ನಿತ್ಯ ಒಂದೇ ವಾಸನೆಯಲ್ಲಿ ಕೂತವರಿಗೆ ಅದು ತಿಳಿಯದಾಗುತ್ತದೆ, ತಲೆನೋವು ಮಾತ್ರ ಉಳಿಯುತ್ತದೆ. ದಿನದ ಮೊದಲ ತರಗತಿಯಲ್ಲಿ ಕರಿಹಲಗೆಯ ಮೇಲಿನ ಅಕ್ಷರಗಳು ನನಗೆ ಎರಡೆರಡಾಗಿ ಕಾಣುತ್ತಿದ್ದವು. ಹೀಗಾಗಿ ಈ ಶೋಧದಲ್ಲಿ ನನಗಿದ್ದ ಏಕೈಕ ಉಪಕರಣ ಅವಳ ಮೂಗು.

ಕಾರಿನೊಳಕ್ಕೆ ಆವಿ ಬರಲು ದಾರಿ ಎಲ್ಲಿದೆ ಎಂದು ಯೋಚಿಸಿದೆ. ಸಲಾಕೆಗಳನ್ನು ಬಿಗಿಯಲು ಉಸ್ತಾದರು ನೆಲದಲ್ಲಿ ತೂತು ಕೊರೆದಿದ್ದರು. ಎಂಜಿನ್ ಕಡೆಯ ಆವಿ ಆ ತೂತುಗಳಿಂದ ನುಸುಳುತ್ತಿರಬೇಕೆಂಬುದು ನನ್ನ ಮೊದಲ ಊಹೆ. ಅಣ್ಣನಿಂದ ತೂತುಗಳ ಮೇಲೆ ಅಲ್ಯುಮಿನಿಯಂ ಪಟ್ಟಿ ಹಾಕಿಸಿ, ಕಿಟಕಿಗಳನ್ನೆಲ್ಲ ಮುಚ್ಚಿ ಸಂತಪುರದವರೆಗೆ ಓಡಿಸಿದೆ. ವಾಸನೆ ಕದಲಲಿಲ್ಲ. ಎರಡನೆಯ ಪ್ರಯೋಗವಾಗಿ ಸಹೋದ್ಯೋಗಿಯನ್ನು ಹಿಂದೆ, ಉಳಿದ ಅರ್ಧ ಸೀಟಿನಲ್ಲಿ ಕೂರಿಸಿದೆ. ಸ್ವಲ್ಪ ದೂರದಲ್ಲೇ ಅವಳು ಕೂಗಿದಳು.

“ಇಲ್ಲೇರಿ! ಕುರ್ಚಿ ಗಾಲಿ ಹತ್ರ. ಅಕ್ಕಾ, ನಿಮ್ಮ ಕುರ್ಚಿನೂ ಪೆಟ್ರೋಲ್ ಮ್ಯಾಲೇ ಓಡ್ತದೇನು?”

ಕುರ್ಚಿಯ ಕೆಳಗೆ ಹಲಗೆ, ಹಲಗೆಯ ಕೆಳಗೆ ಕಾರಿನ ನೆಲ, ನೆಲದಲ್ಲಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ತಗಡಿನ ಮುಚ್ಚಳ. ಅದರಡಿಯಲ್ಲಿ ಟ್ಯಾಂಕಿನ ನೆತ್ತಿ. ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುವ ವಿದ್ಯುತ್ ಪಂಪು ಅಲ್ಲೇ ಇರುತ್ತದೆ. ಬೇರೆ ಕಾರುಗಳಲ್ಲಿ ಈ ಮುಚ್ಚಳದ ಮೇಲೆ ಪೂರ್ತಿ ಸೀಟು ಬಿಗಿದಿರುತ್ತದೆ.

ಕಾರನ್ನು ಉಸ್ತಾದರ ಶೆಡ್ಡಿಗೆ ಒಯ್ದೆ. ನೆಲದ ತುಂಬ ಕಬ್ಬಿಣದ ಚೂರುಗಳಿದ್ದುದರಿಂದ ನನ್ನ ಕುರ್ಚಿಯನ್ನು ಹೊರಗಿನ ಬೇವಿನ ಮರದಡಿ ನಿಲ್ಲಿಸಿದರು. ಉಸ್ತಾದರಿಗೆ ನನ್ನ ಪ್ರಶ್ನೆಯೇ ಬೇಸರ ತರಿಸಿತು.

“ಅರೇ ಬೇಟಿ, ನಮ್ಮ ಕಾಮ್ ಬ್ರೇಕು, ಆಕ್ಸಿಲರೇಟರ್. ಪೆಟ್ರೋಲಿಗೂ ನಮಗೂ ಏನ್ ಸಂಬಂಧ? ಹೋದ ತಿಂಗಳು ಸಲಾಕಿ ಬಿಚ್ಚಿ ತೊಳ್ದು, ಗ್ರೀಸ್ ಹಾಕಿ ಕೊಟ್ಟೀನಿ. ಅಷ್ಟೇ.”

“ಟ್ಯಾಂಕಿಗೆ ಕೈ ಹಚ್ಚಿಲ್ಲವೇ?”

“ಆಣಿ-ಕಸಮ್ ಹಾಕ್ಲೇನು?”

ಬೇಡ ಎಂದೆ. ಅವರು ಮುಚ್ಚಳವನ್ನು ಒತ್ತಿ ನೋಡಿ, ಬಿಗಿಯಾಗಿದೆ ಎಂದು ಹೇಳಿ, ಅದರ ಅಂಚಿನ ಸುತ್ತ ಕಪ್ಪು ಅಂಟನ್ನು ದಪ್ಪವಾಗಿ ಹಚ್ಚಿಕೊಟ್ಟರು. ಕೆಲವು ದಿನ ವಾಸನೆ ತಗ್ಗಿತು. ನಾನು ಸಂಭ್ರಮಪಟ್ಟೆ. ಆದರೆ ಎಂಜಿನ್ ನಡುಗತೊಡಗಿದ್ದರಿಂದ ಮತ್ತೆ ಅದೇ ಸರ್ವಿಸ್ ಕೇಂದ್ರಕ್ಕೆ ಕೊಡಬೇಕಾಯಿತು. ನಡುಕ ನಿಂತಿತು. ಮರುದಿನವೇ ವಾಸನೆ ಹಿಂದೆಂದೂ ಇಲ್ಲದಷ್ಟು ಜೋರಾಗಿ ಬಂತು. ಸಹೋದ್ಯೋಗಿ ರಸ್ತೆಬದಿ ಇಳಿದು ವಾಂತಿ ಮಾಡಿಕೊಂಡಳು. ಬಾಟಲಿಯ ನೀರಿನಿಂದ ಬಾಯಿ ತೊಳೆದು, ಬಾಗಿಲು ಹಿಡಿದು ನಿಂತು, ನನ್ನ ಕಡೆ ನೋಡದೆ ಹೇಳಿದಳು.

“ಅಕ್ಕಾ, ಸಿಟ್ಟಾಗಬ್ಯಾಡ್ರಿ. ನನಗ ಮೂರು ತಿಂಗಳು ನಡದದರಿ. ಡಾಕ್ಟರು ಈ ವಾಸನಿ ಬ್ಯಾಡ ಅಂದಾರ. ನಾ ಬಸ್ಸಿಗೇ ಬರ್ತೇನಿ.”

ಸಿಟ್ಟಾಗುವ ಹಕ್ಕು ನನಗಿರಲಿಲ್ಲ. ಅವಳ ಹೊಟ್ಟೆಯೊಳಗಿನ ಜೀವಕ್ಕೆ ನನ್ನ ಕಾರು ಇಷ್ಟು ದಿನ ಏನನ್ನು ಕುಡಿಸಿತ್ತೋ ಎಂದು ದಿನಗಳನ್ನು ಎಣಿಸತೊಡಗಿದೆ.

ಅಲ್ಲಿಂದ ಮುಂದೆ ಒಬ್ಬಳೇ ಓಡಿಸಿದೆ. ನಾಲ್ಕೂ ಗಾಜು ಇಳಿಸಿ, ಬೆಳಗಿನ ಚಳಿಗಾಳಿಯಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು ಹೋಗುತ್ತಿದ್ದೆ. ಮುಂದಿನ ಲಾರಿಯ ಸೈಲೆನ್ಸರಿನಿಂದ ಕಿಡಿ ಹಾರಿದರೆ ವೇಗ ತಗ್ಗಿಸಿ ಹಿಂದುಳಿಯುತ್ತಿದ್ದೆ. ಎರಡು ದಿನ ತಲೆ ಎತ್ತಲಾಗದೆ ರಜೆ ಹಾಕಿದೆ. ಪ್ರಾಚಾರ್ಯರು ಕರೆದು ಸೌಜನ್ಯದಿಂದಲೇ ಮಾತಾಡಿದರು.

“ಮೇಡಂ, ನಿಮ್ಮ ತ್ರಾಸು ನನಗ ತಿಳೀತದ. ಆದ್ರ ಪರೀಕ್ಷಾ ಬಂದಾವ. ಇನ್ನೊಮ್ಮಿ ಕ್ಲಾಸ್ ತಪ್ಪಿದ್ರ ನಿಮ್ಮ ಪೇಪರ್ ಬ್ಯಾರೇದವರಿಗಿ ಕೊಡಬೇಕಾಗ್ತದ.”

ಆ ಪೇಪರಿನ ಹೆಸರು ಆಡಳಿತದಲ್ಲಿ ಉತ್ತರದಾಯಿತ್ವ. ಅದರ ವ್ಯಂಗ್ಯ ಅವರಿಗೆ ಹೊಳೆಯಲಿಲ್ಲ.

ಸಹೋದ್ಯೋಗಿಯ ಗಂಡನ ಊರು ಭಾಲ್ಕಿ ಕಡೆಯ ಸಾಯಗಾಂವ. ಭಾಲ್ಕಿಯಲ್ಲಿ ಒಬ್ಬ ಗಾಡಿ ಮಿಸ್ತ್ರಿ ಇದ್ದಾನೆ, ಕೈಗುಣ ಚೆನ್ನಾಗಿದೆ ಎಂದು ಆ ಗಂಡನೇ ಹೇಳಿ ಕಳಿಸಿದ. ತರಗತಿಯಿಲ್ಲದ ದಿನ ನೋಡಿ ಹೊರಟೆ. ದಾರಿಯುದ್ದಕ್ಕೂ ಒಂದೇ ವಿಷಯ ತಲೆಯಲ್ಲಿತ್ತು. ಇಷ್ಟು ಸಲ ಗ್ಯಾರೇಜಿಗೆ ಹೋದರೂ ನನ್ನ ಕಾರಿಗೆ ಏನು ಮಾಡುತ್ತಾರೆಂಬುದನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ಒಂದು ಕಡೆ ಮೆಟ್ಟಿಲು ತಡೆದಿತ್ತು, ಇನ್ನೊಂದು ಕಡೆ ಕಬ್ಬಿಣದ ಚೂರು. ಭಾಲ್ಕಿಯ ಗ್ಯಾರೇಜಿನ ಅಂಗಳದಲ್ಲಿ ದಪ್ಪ ಜಲ್ಲಿ ಹರಡಿತ್ತು, ನನ್ನ ಕುರ್ಚಿಯ ಸಣ್ಣ ಗಾಲಿಗಳು ಅದರಲ್ಲಿ ಹೂತುಹೋಗುತ್ತವೆ.

ಮಿಸ್ತ್ರಿ ನಲವತ್ತರ ಆಸುಪಾಸಿನ, ಸದಾ ಎಲೆಅಡಿಕೆ ಜಗಿಯುವ ಮನುಷ್ಯ. ನನ್ನ ಮಾತನ್ನು ಪೂರ್ತಿ ಕೇಳಿ ಎದುರಿನ ಹೋಟೆಲಿನ ಕಡೆ ಕೈ ತೋರಿಸಿದ.

“ಹ್ವಾದ್ರಿ ಅಕ್ಕಾವ್ರ, ನೋಡ್ತೇನಿ. ನಿಮಗ ಎತ್ತಿ ಅಲ್ಲಿ ಕುಂದ್ರಸ್ತೇವಿ. ಚಾ ಕುಡೀರಿ.”

“ನಾನು ಇಳಿಯುವುದಿಲ್ಲ.”

“ಹ್ಯಾಂಗರಿ?”

“ನನ್ನನ್ನು ಒಳಗಿಟ್ಟುಕೊಂಡೇ ಕೆಲಸ ಮಾಡಿ.”

ಅವನು ಎಲೆ ಉಗುಳಿ ಬಂದು ನನ್ನ ಮುಖ ನೋಡಿದ. “ಗಿರಾಕಿ ಒಳಗ ಕುಂತ್ರ ಕೈ ಓಡಂಗಿಲ್ರಿ.”

“ನಿಧಾನವಾಗಿ ಓಡಲಿ.”

“ಬಾಳ ಜಿದ್ದಿ ಇದ್ದೀರಿ ಬಿಡ್ರಿ,” ಎಂದು ಬಾನೆಟ್ ಎತ್ತಿದ.

ಎಂಜಿನ್ ಕಡೆಯ ಕೆಲಸ ಬಾನೆಟ್ಟಿನ ಕೆಳಗಿನ ಸಂದಿನಿಂದ, ಹಿಂದಿನದು ಕನ್ನಡಿಗಳಲ್ಲಿ ಅಷ್ಟಿಷ್ಟು ಕಾಣುತ್ತಿತ್ತು. ಮುಂಭಾಗದ ಪೈಪುಗಳನ್ನು ಬೆರಳಿನಿಂದ ಸವರಿ ಬೆರಳನ್ನು ಮೂಸಿದ. ಎಲ್ಲವೂ ಒಣಗಿತ್ತು. ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿದ, ಮಸಿ ಹಿಡಿದಿವೆ, ತೊಳೆಯಬೇಕು ಎಂದ. ಆಮೇಲೆ ತಗಡಿನ ಡಬ್ಬಿಯೊಂದನ್ನು ಹಿಡಿದು ಹಿಂದಿನ ಬಾಗಿಲು ತೆರೆದ. ನನ್ನ ಕುರ್ಚಿಯನ್ನು ಇಳಿಸಿದ. ಚಿಲಕ ಸರಿಸಿ ಹಲಗೆ ಎತ್ತಿದ. ಸ್ಕ್ರೂಡ್ರೈವರಿನಿಂದ ತಗಡಿನ ಮುಚ್ಚಳ ತೆಗೆದ. ಇದೆಲ್ಲ ಎಷ್ಟು ಸರಾಗವಾಗಿ ನಡೆಯಿತೆಂದರೆ ಹುಡುಕಾಟ ಆರಂಭವಾಯಿತೆಂದು ನಾನು ಹಿಗ್ಗಿದೆ.

“ಅಕ್ಕಾವ್ರ, ಚಾವಿ ಒಮ್ಮಿ ತಿರುವ್ರಿ. ಚಾಲೂ ಮಾಡಬ್ಯಾಡ್ರಿ.”

ತಿರುವಿದೆ. ಬೆನ್ನ ಹಿಂದೆ ಪಂಪು ಗುಂಯ್‌ಗುಟ್ಟಿತು. ಡಬ್ಬಿಯೊಳಗೆ ದ್ರವ ಬೀಳುವ ಸದ್ದು ಕೇಳಿತು. ಸೋತ ನನ್ನ ಮೂಗಿಗೂ ಆ ವಾಸನೆ ರಾಚಿತು.

“ಏನು ಮಾಡುತ್ತಿದ್ದೀರಿ?”

“ಪ್ಲಗ್ ತೊಳಿಲಾಕ ಪೆಟ್ರೋಲ್ ಬೇಕಲ್ರಿ? ತಗೊಳ್ಲತ್ತೀನಿ.”

“ಟ್ಯಾಂಕಿನಿಂದಲೇ?”

“ಮತ್ತ ಎಲ್ಲಿಂದ ತಗೊಳ್ಳಿ? ಯಾರ ಗಾಡಿ ತೊಳೀತೇವೋ ಅವರ ಗಾಡಿದೇ ಪೆಟ್ರೋಲ್. ಎಲ್ಲಾ ಗ್ಯಾರೇಜ್ನ್ಯಾಗ ಹಿಂಗೇರಿ. ಹಳೀ ಗಾಡಿಗಿ ನಳಿಗಿ ಬಿಟ್ಟು ಬಾಯಿಲೇ ಎಳೀತಿದ್ವಿ. ಈಗಿನ ಗಾಡಿಗಿ ನಳಿಗಿ ಇಳಿಯಂಗಿಲ್ಲ. ಸೀಟ್ ಕಳಚಿ, ಪಂಪಿನ ಪೈಪ್ ಬಿಡಿಸಿ ಚಾವಿ ತಿರುವಬೇಕು. ಅದಕ್ಕ ಯಾರೂ ಕೈ ಹಾಕಂಗಿಲ್ಲ.” ಪೈಪನ್ನು ಮರಳಿ ಒತ್ತುತ್ತಾ ಮೆಚ್ಚುಗೆಯಿಂದ ಹೇಳಿದ, “ನಿಮ್ಮ ಗಾಡಿ ಬಾಳ ಚಲೋ ಅದರಿ. ಹಲಗಿ ಎತ್ತಿದ್ರ ಮುಗೀತು.”

ನನ್ನ ಕೈ ಇನ್ನೂ ಚಾವಿಯ ಮೇಲಿತ್ತು.

“ಪೈಪು ಬಿಗಿಯಾಗಿ ಕೂತಿತೇ?”

ಅವನು ಇನ್ನೊಮ್ಮೆ ಒತ್ತಿದ. ಟಕ್ಕೆಂಬ ಸದ್ದು ಬರಬೇಕು, ಬರಲಿಲ್ಲ. ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿದ. ನಾನು ಫೋನು ಕೊಟ್ಟು ಚಿತ್ರ ತೆಗೆದುಕೊಡಲು ಹೇಳಿದೆ. ಆ ಚಿತ್ರದಲ್ಲಿ ಎಲ್ಲವೂ ಇತ್ತು. ಪೈಪಿನ ತುದಿಯ ಪ್ಲಾಸ್ಟಿಕ್ ಚಿಲಕದ ಒಂದು ಕಿವಿ ಮುರಿದಿತ್ತು. ಒಳಗಿನ ರಬ್ಬರ್ ಉಂಗುರ ಒಂದು ಕಡೆ ಉಬ್ಬಿ ಹೊರಗೆ ಇಣುಕುತ್ತಿತ್ತು. ಟ್ಯಾಂಕಿನ ನೆತ್ತಿಯ ತಗ್ಗಿನಲ್ಲಿ ಪೆಟ್ರೋಲು ನಿಂತು ಅದರ ಮೇಲೆ ಧೂಳು ತೇಲುತ್ತಿತ್ತು. ಉಸ್ತಾದರು ಹಚ್ಚಿದ ಕಪ್ಪು ಅಂಟನ್ನು ಮುಚ್ಚಳದ ಸುತ್ತ ಯಾರೋ ಚಾಕುವಿನಿಂದ ಸೀಳಿದ್ದರು. ಆ ಅಂಟು ಹಚ್ಚಿದ ಮೇಲೆ ಕಾರು ಹೋಗಿದ್ದು ಒಂದೇ ಕಡೆಗೆ, ಆ ಸರ್ವಿಸ್ ಕೇಂದ್ರಕ್ಕೆ.

ಎಂಜಿನ್ ಓಡುವಾಗಲೆಲ್ಲ ಈ ಸಡಿಲ ತುದಿಯಿಂದ ಪೆಟ್ರೋಲು ಜಿನುಗಿದೆ. ವಾಸನೆ ಬಂತೆಂದು ನಾನು ಗ್ಯಾರೇಜಿಗೆ ಒಯ್ದಿದ್ದೇನೆ. ಅಲ್ಲಿ ಏನನ್ನಾದರೂ ಬಿಚ್ಚಿದ್ದಾರೆ, ಬಿಚ್ಚಿದ್ದನ್ನು ತೊಳೆಯಲು ಮತ್ತೆ ಹಲಗೆ ಎತ್ತಿ ಪೈಪು ಬಿಡಿಸಿದ್ದಾರೆ. ಪೈಪಿನ ಚಿಲಕ ಪ್ರತಿ ಸಲವೂ ಇನ್ನಷ್ಟು ಸವೆದಿದೆ. ವಾಸನೆಯನ್ನು ಹುಡುಕಲೆಂದು ನಾನು ಮಾಡಿಸಿದ ಪ್ರತಿಯೊಂದು ಕೆಲಸವೂ ಅದನ್ನು ಹೆಚ್ಚಿಸಿತ್ತು.

“ಕಿವಿ ಮುರಿದದ್ದು ಯಾರು?”

“ಹಿಂದಿನಾಂವರಿ,” ಎಂದ ಮಿಸ್ತ್ರಿ ತಕ್ಷಣ. ಆಮೇಲೆ ಸಮಾಧಾನದ ದನಿಯಲ್ಲಿ, “ಈ ಪೈಪ್ ಇಲ್ಲಿ ಸಿಗಂಗಿಲ್ಲ, ಹೈದರಾಬಾದಿನಿಂದ ತರಸ್ಬೇಕು. ಅಲ್ಲೀತನ ತಂತಿ ಬಿಗೀತೇನಿ. ಬೀದರ ಏನು, ಔರಾದ ತನಕ ಏನೂ ಆಗಂಗಿಲ್ಲ, ಹೋಗ್ರಿ.”

ಅವನ ಕೈಯಲ್ಲಿ ತಂತಿ ಆಗಲೇ ಸಿದ್ಧವಿತ್ತು. ಮರುದಿನ ನನಗೆ ಆ ಪೇಪರಿನ ತರಗತಿ ಇತ್ತು. ತಂತಿ ಬಿಗಿಸಿಕೊಂಡು ಹೋಗಬಹುದಿತ್ತು, ಇಷ್ಟು ದಿನ ಅದಕ್ಕಿಂತ ಕೆಟ್ಟ ಸ್ಥಿತಿಯಲ್ಲೇ ಓಡಿಸಿದ್ದೆನಲ್ಲ. ಆದರೆ ಆಗ ನನಗೆ ತಿಳಿದಿರಲಿಲ್ಲ, ಈಗ ಆ ಚಿತ್ರ ಫೋನಿನಲ್ಲಿತ್ತು. ಕಾರನ್ನು ಅಲ್ಲೇ ಬಿಡುತ್ತೇನೆ ಎಂದೆ.

ಸಾಮಾನು ಸಾಗಿಸುವ ಆಟೊ ಒಂದನ್ನು ಕರೆಸಿದರು. ಮಿಸ್ತ್ರಿ ಕಂಕುಳಿಗೆ, ಆಟೊದವನು ಮಂಡಿಯ ಕೆಳಗೆ ಕೈ ಹಾಕಿ ನನ್ನನ್ನು ಎತ್ತಿದರು. “ಹಗೂರ, ಹಗೂರ, ತಲಿ ನೋಡು,” ಎಂದು ಪರಸ್ಪರ ಹೇಳಿಕೊಂಡರು. ಕುರ್ಚಿಯನ್ನು ಹಿಂದೆ ಈರುಳ್ಳಿಯ ಖಾಲಿ ಚೀಲಗಳ ನಡುವೆ ಕಟ್ಟಿದರು. ಅವರ ಕೈಗಳಲ್ಲಿ ಅಗೌರವವಿರಲಿಲ್ಲ. ಆದರೂ ಬೀದರ ಮುಟ್ಟುವವರೆಗೆ ನನ್ನ ಬಟ್ಟೆಯಿಂದ ಏಳುತ್ತಿದ್ದ ಪೆಟ್ರೋಲ್ ವಾಸನೆಯನ್ನು ಆಟೊದವನ ಮುಖದಲ್ಲಿ ಓದುತ್ತಾ ಕೂತಿದ್ದೆ.

ಪೈಪು ಬರುವುದು ತಡವಾಯಿತು, ಪೇಪರು ಬೇರೆಯವರ ಪಾಲಾಯಿತು.

ಕಾರು ಕೈಗೆ ಬಂದ ಮೇಲೆ ಫೋನಿನ ಚಿತ್ರ ಹಿಡಿದು ಹಿಂದಿನ ಇಬ್ಬರ ಬಳಿಗೂ ಹೋದೆ. ಉಸ್ತಾದರು ಚಿತ್ರವನ್ನು ದೂರ ಹಿಡಿದು ನೋಡಿ ಮುಖ ಗಂಟಿಕ್ಕಿದರು.

“ಒಂದ್ ಪಾವ್ ಲೀಟರ್ ತಗೊಂಡಿರಬೇಕು, ಸಲಾಕಿ ತೊಳಿಲಾಕ. ಅದು ಚೋರಿ ಅಲ್ಲ ಬೇಟಿ. ದಸ್ತೂರ್ ಅದ, ಎಲ್ಲಾರೂ ಮಾಡ್ತಾರ.”

“ನಾನು ಕಳವಿನ ಮಾತು ಆಡುತ್ತಿಲ್ಲ ಉಸ್ತಾದ್. ಪೈಪು ಬಿಡಿಸಿದ್ದೀರಿ. ಕೇಳಿದಾಗ ಇಲ್ಲ ಅಂದಿರಿ.”

“ಅದು ಕೈ ಹಚ್ಚಿದ್ದು ಹ್ಯಾಂಗಾಗ್ತದ? ಬರೇ ತೊಳಿಲಾಕ ತಗೊಂಡಿದ್ದು.” ಅವರ ಕಣ್ಣಲ್ಲಿ ನಿಜವಾದ ನೋವಿತ್ತು. “ಆ ಹಲಗಿ ನಿನ್ನ ಸಲುವಾಗಿ ಎಷ್ಟು ನಾಜೂಕ್ ಮಾಡೀನಿ. ನನಗೇ ಚೋರ್ ಅಂತಿ?”

ಸರ್ವಿಸ್ ಕೇಂದ್ರದ ಸಲಹೆಗಾರನಿಗೆ ಚಿತ್ರ ತೋರಿಸಿ, ಯಾವ ದಿನ, ಯಾರು, ಏತಕ್ಕಾಗಿ ಈ ಮುಚ್ಚಳ ತೆಗೆದರೆಂದು ಬರೆದುಕೊಡಿ ಎಂದು ಕೇಳಿದೆ. ಕಾರಿನೊಳಗಿದ್ದವಳು ಇಳಿಯಲಾಗದವಳು, ಪಕ್ಕದಲ್ಲಿದ್ದವಳು ಬಸುರಿ, ಇದು ನಿಮಗೆ ಅರ್ಥವಾಗುತ್ತದೆಯೇ ಎಂದು ದನಿ ಏರಿಸಿದೆ. ಅವನು ಸುತ್ತ ನೋಡಿ, ನನ್ನ ಕುರ್ಚಿಯ ಎತ್ತರಕ್ಕೆ ಬಗ್ಗಿ ಮೆಲ್ಲಗೆ ಹೇಳಿದ.

“ಮೇಡಂ, ಒಂದ್ ಲೀಟರ್ ಪೆಟ್ರೋಲ್ ಹಾಕಿಸಿ ಕೊಡ್ತೇವಿ. ಇಷ್ಟಕ್ಕ ಬಿಟ್ಟುಬಿಡ್ರಿ.”

ಆಡಳಿತದಲ್ಲಿ ಪ್ರತಿ ಕ್ರಿಯೆಗೂ ಒಬ್ಬ ಹೊಣೆಗಾರನಿರುತ್ತಾನೆ ಎಂದು ವಿಶ್ವವಿದ್ಯಾಲಯದಲ್ಲಿ ಕಲಿತವಳು, ಅದನ್ನೇ ಕಲಿಸಿದವಳು ನಾನು. ಮಾಡಿದ ಕೆಲಸವನ್ನು ಕೆಲಸವೆಂದೇ ಎಣಿಸದವರ ಎದುರು ಆ ಪಾಠದ ಯಾವ ಪುಟವನ್ನು ತೆರೆಯಬೇಕೆಂದು ತಿಳಿಯಲಿಲ್ಲ. ಕಂಪನಿಯ ಮೇಲಿನವರಿಗೆ ದೂರು ಬರೆದೆ. ಮಾರ್ಪಡಿಸಿದ ವಾಹನಗಳ ದೂರನ್ನು ಪರಿಗಣಿಸಲಾಗದು ಎಂಬ ಉತ್ತರ ಬಂತು. ಇನ್ನೂ ಬರೆಯುತ್ತಿದ್ದೇನೆ. ಗ್ಯಾರೇಜಿನಲ್ಲಿ ವಾಹನದ ಯಾವ ಭಾಗ ತೆರೆದರೂ, ಕಾಲು ಲೀಟರಿಗಾಗಿ ತೆರೆದರೂ, ತೆರೆದವರ ಹೆಸರಿನೊಂದಿಗೆ ಗಿರಾಕಿಗೆ ಬರೆದುಕೊಡಬೇಕು. ನಾನು ಕೇಳುತ್ತಿರುವುದು ಇಷ್ಟನ್ನೇ.

ಹೊಸ ಪೈಪು ಟಕ್ಕೆಂದು ಕೂತ ಸದ್ದನ್ನು ನಾನು ಕಾರಿನೊಳಗೇ ಕೂತು ಕೇಳಿದ್ದೇನೆ. ಹಲಗೆಯ ಚಿಲಕಕ್ಕೆ ಈಗ ಬೀಗವಿದೆ, ಬೀಗದ ಕೈ ನನ್ನ ಕೊರಳಲ್ಲಿದೆ. ಆದರೆ ನನ್ನ ಮೂಗಿನ ಮೇಲೆ ನನಗೆ ನಂಬಿಕೆ ಮರಳಿಲ್ಲ. ಕೆಲವೊಮ್ಮೆ ತರಗತಿಯಲ್ಲೂ, ಮನೆಯ ಹಾಸಿಗೆಯಲ್ಲೂ ಪೆಟ್ರೋಲು ವಾಸನೆ ಬಂದಂತಾಗುತ್ತದೆ. ಕಾರಿನಲ್ಲಿ ಏನೂ ಬರುವುದಿಲ್ಲ. ಬರುತ್ತಿಲ್ಲವೋ, ನನಗೆ ತಿಳಿಯುತ್ತಿಲ್ಲವೋ ಹೇಳಲಾರೆ.

ಸಹೋದ್ಯೋಗಿಗೆ ಫೋನು ಮಾಡಿ, ಒಂದು ದಿನ ಬಂದು ನೋಡುತ್ತೀಯಾ ಎಂದು ಕೇಳಿದೆ. ಮರುದಿನವೇ ಜನವಾಡದ ನಿಲ್ದಾಣದಲ್ಲಿ ಶಾಲು ಹೊದ್ದು ನಿಂತಿದ್ದಳು. ಬಸ್ಸಿನಲ್ಲಿ ನಿಂತು ನಿಂತು ಅವಳ ಕಾಲುಗಳು ಬಾತಿದ್ದವು. ಒಳಗೆ ಬಂದು ಬಾಗಿಲು ಹಾಕಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದುಕೊಂಡಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

“ಏನೂ ಇಲ್ಲರಿ ಅಕ್ಕಾ. ಸಾಫ್ ಅದ.”

“ನಿಜವಾಗಿ?”

“ನಿಮ್ಮಾಣಿ.”

ಕಾರು ಹೊರಟಿತು. ಹೊಲಗಳಲ್ಲಿ ತೊಗರಿ ರಾಶಿ ನಡೆದಿತ್ತು, ರಸ್ತೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಅವಳು ತನ್ನ ಅತ್ತೆ ಮಾಡುವ ಉಪಚಾರವನ್ನು ನಗುತ್ತಾ ವರ್ಣಿಸುತ್ತಿದ್ದಳು. ಸಂತಪುರ ಸಮೀಪಿಸಿದಾಗ, ಮಾತು ನಿಲ್ಲಿಸದೆಯೇ, ತನ್ನ ಕಡೆಯ ಗಾಜನ್ನು ಎರಡು ಬೆರಳಿನಷ್ಟು ಕೆಳಗಿಳಿಸಿದಳು. ಚಳಿಗಾಳಿ ಒಳನುಗ್ಗಿತು. ನಾನು ತಿರುಗಿ ನೋಡಿದೆ.

“ಸೆಕಿ ಆಗ್ಲತ್ತದರಿ,” ಎಂದು ಶಾಲನ್ನು ಕಿವಿಯ ಸುತ್ತ ಬಿಗಿಯಾಗಿ ಎಳೆದುಕೊಂಡಳು.